ಪಟ್ಟಿಯಲ್ಲಿ ಇಪ್ಪತ್ತೊಂದು, ವ್ಯಾನಿನಲ್ಲಿ ಇಪ್ಪತ್ತೆರಡು

ಬೇರೆಯವರು ವಿದೇಶಕ್ಕೆ ಹೋದರೆ ಫೋಟೋ, ಖರ್ಜೂರ ತರುತ್ತಾರೆ. ನಾನು ಎಲ್ಲಿ ಹೋದರೂ ನಾಲ್ಕು ಜನ ನಂಬದ ಸಂಗತಿಗಳೇ ಗಂಟುಬೀಳುತ್ತವೆ. ಹೇಳಿದರೆ ಹೆಂಡತಿ “ನಿಮಗೆ ಮಾತ್ರ ಹೀಗೆಲ್ಲ ಆಗುವುದು” ಎನ್ನುತ್ತಾಳೆ. ಆಗುತ್ತದಲ್ಲ, ನಾನೇನು ಮಾಡಲಿ?

ಉಡುಪಿ–ಕಾರ್ಕಳ ರೂಟಿನ ಖಾಸಗಿ ಬಸ್ಸಿನಲ್ಲಿ ಮೂವತ್ತಾರು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಬಸ್ಸಿನಲ್ಲಿ ಎಷ್ಟು ತಲೆ ಎಂದು ಎಣಿಸಿ ಹೇಳಿದರೆ ಚೆಕಿಂಗಿನವರು ಮತ್ತೆ ಎಣಿಸುತ್ತಿರಲಿಲ್ಲ. ಭೂತ ಪ್ರೇತಗಳ ಹೆದರಿಕೆ ನನಗಿಲ್ಲ. ಎಣಿಕೆ ತಪ್ಪುವ ಹೆದರಿಕೆ ಉಂಟು. ಅಣ್ಣನ ಮಗಳ ಮದುವೆಗೆಂದು ಒಮಾನಿಗೆ ಹೋದ ಐದು ದಿನದಲ್ಲಿ ಆ ಎರಡೂ ಒಟ್ಟಿಗೇ ಬಂದವು.

೧. ಅಣ್ಣನನ್ನು ಹತ್ತಿಸಿಕೊಂಡದ್ದು

ಮದುವೆಗೆ ಹದಿನೈದು ದಿನ ಇರುವಾಗ ಮಸ್ಕತ್ತಿನಿಂದ ಅತ್ತಿಗೆಯ ಫೋನು. ಅವರು ಮೊದಲಿನಿಂದಲೂ ನನ್ನನ್ನು ‘ಕಂಡಕ್ಟ್ರೇ’ ಎಂದೇ ಕರೆಯುವುದು.

“ಕಂಡಕ್ಟ್ರೇ, ಬರುವಾಗ ನಿಮ್ಮ ಅಣ್ಣನನ್ನೂ ಕರ್ಕೊಂಡು ಬನ್ನಿ.”

ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು.

ಮೂವತ್ತು ವರ್ಷ ಒಮಾನಿನ ಸುವೈಕ್ ಎಂಬ ಊರಿನಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಹೆಂಡತಿ, ಮಗಳು ಊರಿನಲ್ಲಿ. ವರ್ಷಕ್ಕೊಂದು ತಿಂಗಳ ರಜೆಯಲ್ಲಿ ಬಂದು ಹೋಗುತ್ತಿದ್ದ. ಎಲ್ಲ ಮುಗಿಸಿ ಊರಿಗೆ ಬಂದವನು ಆರೇ ತಿಂಗಳಿಗೆ ಹೋಗಿಬಿಟ್ಟ. ಅದೇ ವರ್ಷ ಮಗಳಿಗೆ ಮಸ್ಕತ್ತಿನ ಆಫೀಸಿನಲ್ಲಿ ಕೆಲಸ ಸಿಕ್ಕಿ, ತಾಯಿಯನ್ನು ಕರೆಸಿಕೊಂಡು ಅಲ್ಲಿಯೇ ಬೌಷರಿನಲ್ಲಿ ಫ್ಲ್ಯಾಟ್ ಮಾಡಿದಳು. ಹುಡುಗನೂ ಅಲ್ಲಿಯೇ ಸಿಕ್ಕಿದ, ಮೈಸೂರಿನ ಕಡೆಯವನು, ಅಪ್ಪ ಅಮ್ಮನ ಒಟ್ಟಿಗೆ ಅದೇ ಬೌಷರಿನಲ್ಲಿ ಮನೆ.

ವಿಷಯ ಇದ್ದದ್ದು ಧಾರೆಯಲ್ಲಿ. ಗಂಡ ಇಲ್ಲದ ತಾನು ಮಂಟಪಕ್ಕೆ ಬರುವುದಿಲ್ಲ, ಧಾರೆ ಎರೆಯುವುದಿಲ್ಲ ಎಂದು ಅತ್ತಿಗೆ ಹಟ ಹಿಡಿದಿದ್ದರು. ಅಮ್ಮ ಎರೆಯದಿದ್ದರೆ ಮದುವೆಯೇ ಬೇಡ ಎಂದು ಮಗಳು. ಬೀಗರೂ ಬನ್ನಿ ಬನ್ನಿ ಎಂದರಂತೆ. ಕೊನೆಗೆ ಅತ್ತಿಗೆ ಒಂದು ಮಾತಿಗೆ ಬಂದರು: ನನ್ನ ಯಜಮಾನರು ಬಂದದ್ದು ನನಗೆ ಖಾತ್ರಿಯಾದರೆ ಎರೆಯುತ್ತೇನೆ.

ಹೊರಡುವ ದಿನ, ಅಣ್ಣನನ್ನು ಸುಟ್ಟ ಜಾಗದಲ್ಲಿ ನೆಟ್ಟ ತೆಂಗಿನ ಸಸಿಯ ಎದುರು ನಿಂತೆ. ನಮ್ಮ ಮುದಿ ಸೋದರತ್ತೆ ಹೇಳಿಕೊಟ್ಟ ಹಾಗೆ ನೀರು ಬಿಟ್ಟು, “ಅಣ್ಣಾ, ಮಗಳ ಮದುವೆ. ನನ್ನ ಒಟ್ಟಿಗೆ ಬಾ” ಎಂದೆ. ಮಸ್ಕತ್ ಮುಟ್ಟುವವರೆಗೆ ತಿರುಗಿ ನೋಡಬಾರದಂತೆ. ಗಾಳಿ ಇರಲಿಲ್ಲ, ಆದರೂ ಸಸಿಯ ಒಂದು ಗರಿ ಮೆಲ್ಲಗೆ ಅಲುಗಾಡಿತು. ಗೇಟು ದಾಟುವಾಗ ಬಾಯಿಗೆ ಏನೂ ತೋಚದೆ, ಬಸ್ಸು ಹೊರಡಿಸುವ ಹಳೆಯ ಅಭ್ಯಾಸದಲ್ಲಿ “ರೈಟ್ ಪೋಯಿ!” ಎಂದು ಕೂಗಿಬಿಟ್ಟೆ.

ವಿಮಾನ ನಿಲ್ದಾಣದಿಂದ ಅತ್ತಿಗೆಗೆ ಫೋನು ಮಾಡಿ, “ಕರ್ಕೊಂಡು ಬರ್ತಾ ಇದ್ದೇನೆ, ದಾರಿಯಲ್ಲಿ ತಪ್ಪಿಸ್ಕೊಂಡ್ರೆ ನನ್ನನ್ನು ಕೇಳ್ಬೇಡಿ” ಎಂದೆ.

“ಅವರು ಮೂವತ್ತು ವರ್ಷ ಹೋಗಿ ಬಂದ ದಾರಿ ಅದು” ಎಂದರು ಅತ್ತಿಗೆ. “ನೀವು ತಪ್ಪಿಸ್ಕೊಳ್ಳದ ಹಾಗೆ ಅವರೇ ನೋಡ್ಕೊಳ್ತಾರೆ.”

೨. ನಡುವಿನ ಸೀಟು

ವಿಮಾನ ತುಂಬಿತ್ತು. ಆದರೆ ಕಿಟಕಿಯ ಬಳಿ ಕೂತ ನನಗೂ ದಾರಿಯ ಬದಿಯ ಒಬ್ಬ ದಪ್ಪ ಮನುಷ್ಯನಿಗೂ ನಡುವಿನ ಸೀಟು ಖಾಲಿ. ಆತ ತನ್ನ ಚೀಲ ಅಲ್ಲಿ ಇಡಲಿಕ್ಕೆ ಬಂದ.

“ಅಲ್ಲಿ ಜನ ಉಂಟು” ಎಂದೆ.

“ಎಲ್ಲಿದ್ದಾರೆ?”

“ಬಂದಿದ್ದಾರೆ.”

ಆತ ಟಾಯ್ಲೆಟ್ಟಿನ ಕಡೆ ನೋಡುತ್ತಾ ಕೂತ. ಅಷ್ಟರಲ್ಲಿ ಗಗನಸಖಿ ಕೈಯಲ್ಲಿ ಟಿಕ್ ಟಿಕ್ ಒತ್ತುತ್ತಾ ತಲೆ ಎಣಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ಮೂರನೆಯ ಸಲ ಬರುವಾಗ ಅವಳ ಹುಬ್ಬು ಗಂಟಿಕ್ಕಿತ್ತು. ಆ ಮುಖ ನನಗೆ ಗೊತ್ತು, ಎಣಿಕೆ ಕೂಡದವರ ಮುಖ. “ಹಿಂದಿನಿಂದ ಮುಂದಕ್ಕೆ ಎಣಿಸಮ್ಮ, ಸರಿಯಾಗ್ತದೆ” ಎಂದೆ. ಅವಳು ಅರ್ಥವಾಗದೆ ನಕ್ಕು, ನಮ್ಮ ಸಾಲಿನ ಮೇಲೆ ಕಣ್ಣಾಡಿಸಿ, “ಪಕ್ಕದವರೂ ಬೆಲ್ಟ್ ಹಾಕ್ಕೊಳ್ಳಲಿ ಸಾರ್” ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋದಳು.

ದಪ್ಪ ಮನುಷ್ಯ ನನ್ನ ಮುಖ ನೋಡಿದ. ಸೀಟು ನೋಡಿದ. ನಿಯಮ ನಿಯಮವೇ. ಎರಡೂ ಬದಿಯ ಬೆಲ್ಟು ಎಳೆದು ನಡುವಿನ ಸೀಟಿಗೆ ಹಾಕಿದೆ. ಅಣ್ಣ ಸಪೂರ, ಹಾಗಾಗಿ ಸ್ವಲ್ಪ ಬಿಗಿ ಮಾಡಿದೆ.

ಆಮೇಲೆ ಆತ ಊಟವನ್ನೂ ಮಾಡಲಿಲ್ಲ. ವಿಮಾನ ಇಳಿದ ಕೂಡಲೇ ನಾನು ಬೆಲ್ಟು ಬಿಚ್ಚಿ, “ಅಣ್ಣಾ, ಮಸ್ಕತ್ ಬಂತು, ಇಳಿ” ಎಂದೆ. ವಿಮಾನ ಇನ್ನೂ ಓಡುತ್ತಿತ್ತು. ದಪ್ಪ ಮನುಷ್ಯ ಆಗಲೇ ಬಾಗಿಲ ಬಳಿ ಇದ್ದ.

೩. ನಾಲ್ಕನೆಯ ಲೋಟ

ಮರುದಿನ ಅಣ್ಣನ ಮಗಳೇ ಕಾರು ಬಿಟ್ಟುಕೊಂಡು ನನ್ನನ್ನು ಸುವೈಕಿಗೆ ಕರೆದುಕೊಂಡು ಹೋದಳು. ಅಪ್ಪನ ಕಫೀಲ್ ಆಗಿದ್ದ ಒಮಾನಿ ಮುದುಕರಿಗೆ ಮದುವೆ ಕಾಗದ ಕೊಡಬೇಕಿತ್ತು. ಅಣ್ಣನ ವೀಸಾ, ಅಂಗಡಿ, ಎಲ್ಲವೂ ಅವರ ಹೆಸರಿನಲ್ಲಿಯೇ ಇದ್ದದ್ದು. ಅಣ್ಣನ ಮೇಲೆ ಅವರಿಗೆ ಪ್ರಾಣ. ಈಗ ಕಣ್ಣಿಗೆ ಪೊರೆ ಬಂದು ಸರಿಯಾಗಿ ಕಾಣುವುದಿಲ್ಲ.

ನಾವಿಬ್ಬರು ಒಳಗೆ ಹೋಗಿ ಕೂತೆವು. ಹೊರಗೆ ಮಧ್ಯಾಹ್ನದ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಮುದುಕರು ಬಾಗಿಲ ಕಡೆ ಮುಖ ಮಾಡಿ, ನಮ್ಮವರಿಂದ ಕಲಿತ ಹಿಂದಿಯಲ್ಲಿ, “ವೋ ಭಾಯ್ ಬಾಹರ್ ಕ್ಯೂಂ ಖಡಾ ಹೈ? ಅಂದರ್ ಬುಲಾವ್” ಎಂದರು. ಹೊರಗೆ ನಿಂತವನನ್ನು ಒಳಗೆ ಕರೆಯಿರಿ ಎಂದು. ತಿರುಗಿದೆ. ಹೊಸ್ತಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ.

“ಅವರಿಗೆ ಕಣ್ಣು ಕಾಣ್ಸಲ್ಲ ಚಿಕ್ಕಪ್ಪ, ರಿಲ್ಯಾಕ್ಸ್” ಎಂದು ಮಗಳು ಪಿಸುಗುಟ್ಟಿದಳು. ಅವಳ ಕೈ ಮಾತ್ರ ನನ್ನ ತೋಳನ್ನು ಹಿಡಿದಿತ್ತು.

ಮುದುಕರು ಹಿಡಿ ಇಲ್ಲದ ನಾಲ್ಕು ಪುಟ್ಟ ಲೋಟ ಇಟ್ಟು ನಾಲ್ಕಕ್ಕೂ ಕಾವಾ ಸುರಿದರು. ಅದು ಅವರ ಏಲಕ್ಕಿ ಕಾಫಿ. ನಾನು ಕುಡಿದೆ, ಅವರು ಮತ್ತೆ ಸುರಿದರು. ಕುಡಿದೆ, ಸುರಿದರು. ಬೇಡ ಎಂದರೆ ಬೇಸರವಾದೀತು ಎಂದು ಒಂಬತ್ತು ಲೋಟ ಕುಡಿದೆ. ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಕೊನೆಗೆ ಮಗಳು, “ಲೋಟ ಅಲ್ಲಾಡಿಸಿ ಕೊಡ್ಬೇಕು, ಆಗ ಸಾಕು ಅಂತ ಅರ್ಥ” ಎಂದಳು. ಮೊದಲೇ ಹೇಳಬಾರದಿತ್ತೇ?

ಆಮೇಲೆ ನಾಲ್ಕನೆಯ ಲೋಟ ನೋಡಿದೆ. ಖಾಲಿ. ಮಗಳು ಮುಟ್ಟಿಲ್ಲ, ನಾನು ಮುಟ್ಟಿಲ್ಲ. ಮುದುಕರು ಹೂಜಿ ಹಿಡಿದು ಅದರ ಹತ್ತಿರ ಬಂದು, ಒಂದು ಗಳಿಗೆ ತಡೆದು, ಸುರಿಯದೆ ಹಿಂದೆ ಸರಿದರು.

“ಖಲಾಸ್. ಇವನು ಅಲ್ಲಾಡಿಸಿದ” ಎಂದರು. “ಇವನಿಗೆ ಗೊತ್ತು. ನಿನಗೇಕೆ ಗೊತ್ತಿಲ್ಲ?”

೪. ಮುಚ್ಚಿದ ಕೋಣೆಯ ಊಟ

ಮದುವೆಯ ಮುಂಚಿನ ದಿನ ತೀರಿಹೋದ ಹಿರಿಯರಿಗೆ ಬಡಿಸುವುದು ನಮ್ಮಲ್ಲಿ ಕ್ರಮ. ಫ್ಲ್ಯಾಟಿನ ಕೊನೆಯ ಕೋಣೆಯಲ್ಲಿ ಎಲೆ ಹಾಕಿ ಅಣ್ಣನಿಗೆ ಇಷ್ಟದ್ದೆಲ್ಲ ಬಡಿಸಿದೆವು. ಕೋಳಿ ಸಾರು, ಹಪ್ಪಳದಂತೆ ಗರಿಗರಿಯಾದ ಒಣ ಕೋರಿರೊಟ್ಟಿ, ಪಕ್ಕದಲ್ಲಿ ನಾನು ಊರಿನಿಂದ ತಂದ ಬೀಡಿ, ಬೆಂಕಿಪೆಟ್ಟಿಗೆ. ಬಾಗಿಲು ಎಳೆದು ಅತ್ತಿಗೆಯೂ ನಾನೂ ಅಡುಗೆಮನೆಯಲ್ಲಿ ಕಾದು ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆಯಬೇಕು.

ಹತ್ತು ನಿಮಿಷ ಆಗಿರಬಹುದು. ಕೋಣೆಯೊಳಗಿಂದ ಕಟುಂ ಎಂದು ಸದ್ದು. ನಿಂತಿತು. ಮತ್ತೆ ಕಟುಂ, ಕುಟುಂ. ಯಾರೋ ನಿಧಾನವಾಗಿ ರೊಟ್ಟಿ ಅಗಿಯುವ ಸದ್ದು. ನನ್ನ ಕೈಯ ರೋಮ ಎದ್ದು ನಿಂತಿತು. ಅತ್ತಿಗೆ ಕೈಮುಗಿದರು, ಕಣ್ಣಲ್ಲಿ ನೀರು. “ಬಂದ್ರು” ಎಂದರು.

ನಾವು ಮೆಲ್ಲಗೆ ಹೋಗಿ ಮೂರು ಸಲ ತಟ್ಟಿ ಬಾಗಿಲು ತೆರೆದೆವು. ಎಲೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಮೈಸೂರಿನ ಬೀಗರು.

ಗಂಡ ಹೆಂಡತಿ ಏನೋ ಕೇಳಲಿಕ್ಕೆ ಬಂದವರಂತೆ. ಮಗಳು ಹೊರಬಾಗಿಲು ತೆರೆದಿದ್ದಳು. ಬೀಗರು ಬಾತ್‌ರೂಮು ಹುಡುಕಿಕೊಂಡು ಒಳಗೆ ಬಂದಿದ್ದರು. “ಎಲೆ ಹಾಕಿದ್ರಿ, ನಮಗೇ ಇರ್ಬೇಕು ಅಂದ್ಕೊಂಡೆ” ಎಂದರು ಪಾಪ, ಎದ್ದು ನಿಂತು. “ಹಪ್ಪಳ ಒಂದೇ ಮುಟ್ಟಿದ್ದು ಕಣ್ರೀ. ಆ ಸಾರಿನ ವಾಸನೆ ಯಾಕೋ ಬೇರೆ ಥರ ಇತ್ತು.”

ಹಿಂದೆಯೇ ಬಂದ ಬೀಗಿತಿ ಮೂಗು ಅರಳಿಸಿದರು. ಎಲೆಯ ತುದಿಯಲ್ಲಿ ಅರ್ಧ ಸೇದಿದ ಬೀಡಿ, ಇನ್ನೂ ತೆಳ್ಳಗೆ ಹೊಗೆ ಬಿಡುತ್ತಿತ್ತು.

“ಏನ್ರೀ ಇದು, ಈ ವಯಸ್ಸಲ್ಲಿ!”

ಬೀಗರ ಮುಖ ಬಿಳಿಚಿತು. “ದೇವರಾಣೆ ಕಣೇ. ಹಪ್ಪಳ ತಿಂದಿದ್ದು ನಾನು. ಬೀಡಿ ಸೇದಿದ್ದು ನಾನಲ್ಲ!”

೫. ಇಪ್ಪತ್ತೆರಡು

ಅತ್ತಿಗೆ ನಂಬಲಿಲ್ಲ. “ಹೆಂಡತಿಯ ಎದುರು ಯಾವ ಗಂಡಸು ಬೀಡಿ ಒಪ್ಪಿಕೊಳ್ತಾನೆ? ಅವರು ಬರ್ಲಿಲ್ಲ ಕಂಡಕ್ಟ್ರೇ” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಮದುವೆಯ ಬೆಳಿಗ್ಗೆ, ಮದುವೆ ಹಾಲ್‌ಗೆ ಹೋಗುವ ವ್ಯಾನಿನಲ್ಲಿ ಕೊನೆಯ ಸಾಲಿನಲ್ಲಿ ಕೂತರು. ಅಲ್ಲಿಯೂ ತನ್ನದು ಕೊನೆಯ ಸಾಲೇ ಎಂದು ಹೇಳಿಬಿಟ್ಟರು. ಮದುಮಗಳು ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬಳೆ ತಿರುಗಿಸುತ್ತಾ ತಿರುಗಿಸುತ್ತಾ ಒಂದು ಒಡೆಯಿತು. ಇಷ್ಟು ದೂರ ಬಂದು ನಾನು ಮಾಡಿದ್ದೇನು?

ಬೇಸರವಾದಾಗ ನನಗೆ ಗೊತ್ತಿರುವುದು ಒಂದೇ ಕೆಲಸ. ಹಿಂದಿನಿಂದ ಮುಂದಕ್ಕೆ ಸೀಟು ಮುಟ್ಟುತ್ತಾ ಎಣಿಸಿದೆ. ಇಪ್ಪತ್ತೆರಡು.

ವ್ಯಾನಿನಲ್ಲಿ ಬರಬೇಕಾದವರ ಪಟ್ಟಿಯಲ್ಲಿ ಇಪ್ಪತ್ತೊಂದು.

ಮತ್ತೆ ಎಣಿಸಿದೆ. ಇಪ್ಪತ್ತೆರಡು. ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಿದೆ. ಇಪ್ಪತ್ತೊಂದು ಜನ “ಇದ್ದೇನೆ” ಎಂದರು, ಹೆಚ್ಚುವರಿ ಯಾರೂ ಇಲ್ಲ. ಮುಖ ನೋಡಿದರೆ ಎಲ್ಲರೂ ಗುರುತಿನವರು. ಎಣಿಸಿದರೆ ಮಾತ್ರ ಒಂದು ತಲೆ ಹೆಚ್ಚು. ಯಾವ ಸೀಟಿನಲ್ಲಿ ಹೆಚ್ಚುತ್ತದೆ ಎಂದು ಹಿಡಿಯಲಿಕ್ಕೆ ಆಗುತ್ತಿಲ್ಲ.

ಕೇರಳದ ಡ್ರೈವರನಿಗೆ ತಡವಾಗುತ್ತಿತ್ತು. ಕನ್ನಡಿಯಲ್ಲಿ ಒಮ್ಮೆ ನೋಡಿ ಬೆರಳು ಆಡಿಸಿ, “ಬಾಯೀಸ್ ಹೈ ಭಾಯ್, ಯಲ್ಲಾ!” ಎಂದು ಹೊರಡಲಿಕ್ಕೆ ಅವಸರಪಡಿಸಿದ. ಅವನ ಎಣಿಕೆಯಲ್ಲಿಯೂ ಇಪ್ಪತ್ತೆರಡೇ.

“ಎಂತ ಕಂಡಕ್ಟ್ರೇ?” ಹಿಂದಿನಿಂದ ಅತ್ತಿಗೆಯ ದನಿ.

“ಒಂದು ತಲೆ ಹೆಚ್ಚು ಬರ್ತದೆ ಅತ್ತಿಗೆ.”

“ನನ್ನ ಸಮಾಧಾನಕ್ಕೆ ಹೇಳುವುದಾ?”

ನನಗೆ ಸಿಟ್ಟೇ ಬಂತು. “ಎಣಿಕೆಯ ವಿಷಯದಲ್ಲಿ ನಾನು ಯಾರ ಸಮಾಧಾನವನ್ನೂ ನೋಡಿದವನಲ್ಲ!”

“ಮೂವತ್ತಾರು ವರ್ಷದಲ್ಲಿ ಎಷ್ಟು ಸಲ ತಪ್ಪಿದೆ?”

“ಒಮ್ಮೆಯೂ ಇಲ್ಲ.”

ಅತ್ತಿಗೆ ಎದ್ದರು. ಸೀಟು ಹಿಡಿದುಕೊಂಡು ಮುಂದೆ ಬಂದು ಮಗಳ ಪಕ್ಕದಲ್ಲಿ ಕೂತು, ಅವಳ ಕೈ ತಮ್ಮ ಮಡಿಲಿಗೆ ಎಳೆದುಕೊಂಡರು. ಮುಹೂರ್ತಕ್ಕೆ ಗಿಂಡಿ ಹಿಡಿದು ಧಾರೆ ಎರೆದವರು ಅವರೇ. ನಾನು ಅತ್ತುಬಿಟ್ಟೆ, ನಾಚಿಕೆ ಇಲ್ಲದೆ. ಅದಕ್ಕೂ ಮೊದಲು, ವ್ಯಾನಿನಲ್ಲಿ ಮಗಳ ಬಳಿ ಕೂರುವಾಗ ಅವರು ಮಾಡಿದ್ದು ಒಂದೇ ತಮಾಷೆ. ನನ್ನ ಕಡೆ ತಿರುಗಿ, “ಇನ್ನೂ ಎಂತ ನೋಡುವುದು? ಎಲ್ಲ ಹತ್ತಿ ಆಯ್ತಲ್ಲ, ರೈಟ್ ಪೋಯಿ ಹೇಳಿ” ಎಂದಿದ್ದರು.

೬. ಬಿಟ್ಟು ಬಂದದ್ದು

ವಾಪಸು ಬರುವಾಗ ಸಾಮಾನಿನ ತೂಕದ ಗಡಿಬಿಡಿ. ವಿಮಾನದಲ್ಲಿ ನನ್ನ ಪಕ್ಕದಲ್ಲಿ ನಿಜವಾದ ಮನುಷ್ಯನೊಬ್ಬ ಬಂದು ಕೂತು ಗೊರಕೆ ಹೊಡೆಯತೊಡಗಿದ ಮೇಲೆ ನೆನಪಾಯಿತು. ಅಣ್ಣನನ್ನು ಕರೆಯಲೇ ಇಲ್ಲ! ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ನಾನು ಹೀಗೆ ಬಿಟ್ಟು ಬಂದವನಲ್ಲ.

ಇಳಿದ ಕೂಡಲೇ ಅತ್ತಿಗೆಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. “ಅಪ್ಪ ಮಗಳು ಒಂದೇ ಮನೆಯಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಇದ್ದದ್ದೇ ಅಪರೂಪ ಕಂಡಕ್ಟ್ರೇ” ಎಂದರು. “ಇರ್ಲಿ ಬಿಡಿ.”

ಹದಿನೈದು ದಿನ ಕಳೆದು ಬೌಷರಿನಿಂದ ಬೀಗರ ಫೋನು. ಮಗಳು ಈಗ ಅವರ ಮನೆಯ ಸೊಸೆ. ಬೀಗರ ದನಿ ತಗ್ಗಿತ್ತು.

“ತಪ್ಪು ತಿಳ್ಕೋಬೇಡಿ. ನಿಮ್ಮಣ್ಣನವರನ್ನ ಯಾವಾಗ ಕರ್ಕೊಂಡು ಹೋಗ್ತೀರಿ?”

“ಯಾಕೆ?”

“ದಿನಾ ಸಂಜೆ ಮನೆ ಹಾಲ್‌ನಲ್ಲಿ ಬೀಡಿ ವಾಸನೆ ಬರುತ್ತೆ ಕಣ್ರೀ. ಅವರಿದ್ದರೆ ನನಗೇನೂ ತೊಂದರೆ ಇಲ್ಲ. ಬೈಗುಳ ಮಾತ್ರ ನನಗೆ ಬೀಳ್ತಿದೆ. ಸೇದೋದು ನಾನಲ್ಲ ಅಂತ ನಮ್ಮನೆಯವಳಿಗೆ ನೀವೇ ಒಂದು ಮಾತು ಹೇಳಿ.”

ಬೀಗಿತಿ ಫೋನು ತೆಗೆದುಕೊಂಡರು. ನಾನು ಸಸಿಯ ಬುಡದಿಂದ ಹಿಡಿದು ವ್ಯಾನಿನವರೆಗೆ ನಡೆದದ್ದನ್ನೆಲ್ಲ ಹೇಳಿದೆ.

“ಹೌದಾ? ಹಾಗಾದ್ರೆ ನಿಮ್ಮಣ್ಣನವರಿಗೇ ಹೇಳ್ಬಿಡಿ” ಎಂದರು ಬೀಗಿತಿ. “ಬಾಲ್ಕನಿಗೆ ಹೋಗಿ ಸೇದ್ಲಿ. ನಿಮ್ಮ ಹುಡುಗಿ ಬಂದ ದಿನವೇ ಅಲ್ಲೊಂದು ಕುರ್ಚಿ ಹಾಕಿದ್ದಾಳೆ, ಯಾರಿಗೆ ಅಂತ ನನಗೆ ಈಗ ಗೊತ್ತಾಯ್ತು.”