ಲಿಫ್ಟಿನ ಮೇಲಿಂದ ಇಳಿದು ಬಂದ ದೇವರು

ಒಂದು ಫ್ಯೂಸಿಗೆ ಒಂದು ಲೋಟ ಟೀ ಬೆಲೆ. ಬಾಗಿಲು ಜಾರುವ ಚಕ್ರಕ್ಕೆ ನಾಲ್ಕು ಟೀ. ಅರ್ಧ ದಿನದ ಕೂಲಿ ಅಂದರೆ ಮೂವತ್ತು ಟೀ, ಚೌಕಾಸಿ ಮಾಡಿದರೆ ಇಪ್ಪತ್ತು. ಇಷ್ಟು ಖರ್ಚಿನಲ್ಲಿ ಐದು ಮಹಡಿಯ ಕಟ್ಟಡದ ಲಿಫ್ಟು ಏರಬೇಕು, ಇಳಿಯಬೇಕು. ಇದೇ ದರದಲ್ಲಿ ದೇವರೂ ಪ್ರತ್ಯಕ್ಷನಾಗುತ್ತಾನೆಂದು ರಿಪೇರಿಯವನು ಎಣಿಸಿರಲಿಲ್ಲ.

ಅವನು ಎಣಿಸಿದ್ದೇ ಬೇರೆ. ಆ ಕಟ್ಟಡಕ್ಕೆ ತಿಂಗಳ ಸಂಬಳದ ರಿಪೇರಿಯವನೊಬ್ಬ ಬೇಕಾಗಿದ್ದ. ಯಾರೆಂದು ಸಂಜೆ ಐದಕ್ಕೆ ಕಟ್ಟಡದ ಮನೆಯವರೆಲ್ಲ ಸೇರಿ ತೀರ್ಮಾನಿಸುವವರಿದ್ದರು. ಹದಿನಾಲ್ಕು ವರ್ಷದಿಂದ ದಿನಗೂಲಿಯಲ್ಲೇ ಇದ್ದವನಿಗೆ ಒಂದನೇ ತಾರೀಕು ಅಂದರೆ ಉಳಿದ ದಿನಗಳ ಹಾಗೇ ಒಂದು ದಿನ. "ಇವತ್ತು ಹೇಗಾದರೂ ಆ ಕೆಲಸ ಗಿಟ್ಟಿಸಿಕೊಂಡು ಬನ್ನಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಹತ್ತು ಗಂಟೆಗೆ ಅವನು ತಲೆಗೆ ಬ್ಯಾಟರಿ ದೀಪ ಕಟ್ಟಿಕೊಂಡು, ನಿಂತುಹೋದ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದ. ಒಳಗೆ ಮೂರನೇ ಮಹಡಿಯ ಅಜ್ಜಿ ಸಿಕ್ಕಿಹಾಕಿಕೊಂಡಿದ್ದಾಳೆಂದು ಅವನಿಗೆ ಗೊತ್ತಿಲ್ಲ. ಮೇಲೊಬ್ಬ ಇದ್ದಾನೆಂದು ಅಜ್ಜಿಗೆ ಗೊತ್ತಿಲ್ಲ.

"ದೇವರೇ, ಮೇಲಿದ್ದೀಯೇನಪ್ಪಾ?" ಎಂದಳು ಅಜ್ಜಿ ಕತ್ತಲಲ್ಲಿ.

ಯಾರು ಕೂಗಿದರೂ ಓಗೊಡುವುದು ಅವನ ಅಭ್ಯಾಸ. "ಇದ್ದೀನಿ, ಬಂದೆ," ಎಂದವನೇ ಮುಚ್ಚಳ ತೆಗೆದು ಬಗ್ಗಿದ. ತಲೆಯ ಸುತ್ತ ಬೆಳಕು, ಮುಖದ ತುಂಬ ಗ್ರೀಸು.

ಹೊರಗೆ ಬಂದ ಅಜ್ಜಿ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಹೇಳಿದಳು: "ಎಪ್ಪತ್ತೆಂಟು ವರ್ಷ ಕರೆದೆ. ಇವತ್ತು ಬಂದ. ಸ್ವಲ್ಪ ಗಲೀಜಾಗಿದ್ದಾನೆ, ಆದರೆ ಒಳ್ಳೆಯವನು."

ಅವಳ ಮನೆಯ ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿದರು. ಏನನ್ನೂ ಪರೀಕ್ಷೆ ಮಾಡದೆ ಪಾಸು ಮಾಡುವ ಜಾಯಮಾನ ಅವರದಲ್ಲ. "ಮುಚ್ಚಳ ತೆಗೆದವರೆಲ್ಲ ದೇವರಾದರೆ ಡಬ್ಬಿ ಮಾರೋನೂ ದೇವರೇ. ಅದಕ್ಕೆ ಲಕ್ಷಣ ಅಂತ ಇರುತ್ತಮ್ಮಾ. ಎಲ್ಲ ಗೊತ್ತಿರಬೇಕು. ಎಲ್ಲ ಕಡೆ ಇರಬೇಕು. ತನಗೆ ಅಂತ ಏನೂ ಬೇಕಾಗಿರಬಾರದು."

"ನಾನು ರಿಪೇರಿಯವನು ಮೇಷ್ಟ್ರೇ," ಎಂದ ಅವನು. "ನನಗೇನು ಗೊತ್ತಿರುತ್ತೆ? ನಿಮ್ಮ ಬಚ್ಚಲ ಪೈಪು ಒಡೆದು ಎರಡು ತಿಂಗಳಾಯ್ತು, ನೀವು ಬಟ್ಟೆ ಸುತ್ತಿ ಸುಮ್ಮನಿದ್ದೀರಿ, ಅಷ್ಟೇ ಗೊತ್ತು."

ಲಿಫ್ಟು ಏರಿಳಿಯುವ ಗೂಡಿನ ಗೋಡೆಯ ಮೇಲಿನ ತೇವದ ಕಲೆ ನೋಡಿದ ಯಾರಿಗಾದರೂ ತಿಳಿಯುವ ಸಂಗತಿ ಅದು. ಬಟ್ಟೆ ಸುತ್ತುವುದಂತೂ ಎಲ್ಲ ಮನೆಯವರೂ ಮಾಡುವುದೇ. ಆದರೆ ಅಜ್ಜಿಯ ಚಾವಣಿ ತೊಟ್ಟಿಕ್ಕುವುದಕ್ಕೂ ತನಗೂ ಸಂಬಂಧವಿಲ್ಲವೆಂದು ಎರಡು ತಿಂಗಳಿಂದ ವಾದಿಸುತ್ತಿದ್ದ ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

"ಎಲ್ಲ ಗೊತ್ತು ಅಂತಾಯ್ತು," ಎಂದಳು ಅಜ್ಜಿ. "ಮುಂದಿನ ಪ್ರಶ್ನೆ ಕೇಳಿ."

ಮುಂದಿನ ಪ್ರಶ್ನೆ ತಾನಾಗಿಯೇ ಬಂತು. ದೇವರು ಬಂದಿದ್ದಾನೆಂದು ಸುದ್ದಿಯಾದದ್ದೇ ತಡ, ಮೊದಲ ಮಹಡಿಯ ದರ್ಜಿಯಮ್ಮ ಹೊಲಿಗೆ ಯಂತ್ರ ನೋಡೆಂದಳು. ಎರಡನೇ ಮಹಡಿಯ ನರ್ಸು ಅಡುಗೆಮನೆ ನಲ್ಲಿ ನೋಡೆಂದಳು. ಸಂಜೆ ಇವರದೇ ಓಟು. ಯಾರಿಗೆ ಇಲ್ಲವೆನ್ನಲಿ? ರಿಪೇರಿಯವರಲ್ಲಿ ಇಂಥ ಹೊತ್ತಿಗೆ ಒಂದು ಉಪಾಯವುಂಟು. ಯಂತ್ರವೋ ನಲ್ಲಿಯೋ ಬಿಚ್ಚಿ, ತನ್ನದೊಂದು ಸಾಮಾನು ಅಲ್ಲೇ ಇಟ್ಟು, "ಈಗ ಬಂದೆ" ಎಂದು ಇನ್ನೊಂದು ಮನೆಗೆ ಓಡುವುದು. ಸಾಮಾನು ಇರುವ ತನಕ ಮನೆಯವರು ಆಳೂ ಇದ್ದಾನೆಂದೇ ತಿಳಿಯುತ್ತಾರೆ.

ಮಧ್ಯಾಹ್ನ ಮೇಷ್ಟ್ರು ನೋಟ್‌ಬುಕ್ಕು ಹಿಡಿದು ವಿಚಾರಣೆಗೆ ಹೊರಟರು.

"ಹನ್ನೆರಡಕ್ಕೆ ಎಲ್ಲಿದ್ದ?"

"ನಮ್ಮನೇಲಿ," ಎಂದಳು ದರ್ಜಿಯಮ್ಮ. "ಸುತ್ತಿಗೆ ನೋಡಿ ಬೇಕಾದರೆ."

"ಇಲ್ಲೇ ಇದ್ದ," ಎಂದಳು ನರ್ಸು. "ಅವನಿಗೆ ಅಂತಲೇ ಡ್ಯೂಟಿಗೆ ಹೋಗದೆ ಕೂತೆ."

ಮೇಷ್ಟ್ರು "ಎಲ್ಲ ಕಡೆ ಇದ್ದ" ಎಂದು ಬರೆದು ನೋಟ್‌ಬುಕ್ಕು ಮಡಿಸಿದರು.

ಐದಕ್ಕೆ ಸಭೆ. ಕಟ್ಟಡದ ಕಾರ್ಯದರ್ಶಿ ಎಂಥವನೆಂದರೆ, ಕರೆಂಟು ಖರ್ಚಾಗುತ್ತದೆಂದು ಮೆಟ್ಟಿಲ ಬಲ್ಬನ್ನು ಬಿಚ್ಚಿ ಮನೆಯಲ್ಲಿಟ್ಟುಕೊಂಡಿದ್ದ. ಅವನು ಎಲ್ಲ ಕೇಳಿ ಕೈ ಮುಗಿದ. "ಅಂದಮೇಲೆ ಸಂಬಳದ ಮಾತೇ ಬರಲ್ಲ. ದೇವರಿಗೆ ಸಂಬಳ ಕೊಡೋಕೆ ನಾವ್ಯಾರು? ದಿನಾ ಬಂದು ಕಾಪಾಡ್ತಾ ಇರಲಿ."

ರಿಪೇರಿಯವನು ಎದ್ದು ಮುಂದೆ ಬಂದ. "ಸಾರ್, ನನಗೆ ಹಸಿವಾಗುತ್ತೆ. ಮಂಡಿ ನೋಯುತ್ತೆ. ಬಾಡಿಗೆ ಮನೇಲಿದ್ದೀನಿ. ನನಗೆ ಸಂಬಳ ಬೇಕು," ಎಂದು ಶುರುಮಾಡಿದವನು ಗೋಡೆಯ ಕಲೆ, ಸಾಮಾನು ಇಟ್ಟು ಓಡುವ ಉಪಾಯ, ಎಲ್ಲವನ್ನೂ ಬಾಯಿಬಿಟ್ಟ.

ಅವನು ಮನುಷ್ಯನೆಂದು ಎಲ್ಲರಿಗೂ ಖಾತ್ರಿಯಾಯಿತು.

"ಹಾಗಾದರೆ ನಾನು ಎರಡು ಗಂಟೆ ಹೊತ್ತು ಸುತ್ತಿಗೆಗೆ ಕಾವಲು ಕೂತಿದ್ದೆ ಅನ್ನು," ಎಂದಳು ದರ್ಜಿಯಮ್ಮ.

"ನನ್ನ ಅರ್ಧ ದಿನದ ರಜೆ ಯಾರು ಕೊಡ್ತಾರೆ?" ಎಂದಳು ನರ್ಸು.

"ದೇವರಲ್ಲ, ಸರಿ," ಎಂದರು ಮೇಷ್ಟ್ರು ಉತ್ಸಾಹದಿಂದ. "ಆದರೆ ಟೋಪಿ ಹಾಕೋ ಆಸಾಮಿ ಅಂತಲೂ ಆಯ್ತಲ್ಲ. ನಮಗೆ ನಂಬಿಕಸ್ಥ ಬೇಕು."

ಎರಡು ನಿಮಿಷದಲ್ಲಿ ಕೆಲಸ ಕಾರ್ಯದರ್ಶಿಯ ಭಾಮೈದನ ಪಾಲಾಯಿತು. ಅವನನ್ನು ಯಾರೂ ಕಂಡಿರಲಿಲ್ಲ. ಸಭೆಗೂ ಬಂದಿರಲಿಲ್ಲ. "ಅವನಿಗೆ ಪುರುಸೊತ್ತಿಲ್ಲ. ಒಂದು ತಿಂಗಳದು ಮುಂಗಡ ಕಳಿಸಿದರೆ ಒಪ್ಕೋತಾನೆ," ಎಂದ ಕಾರ್ಯದರ್ಶಿ, ಮತ್ತು ಫೋನಿನಲ್ಲೇ ಕಳಿಸಿಯೂಬಿಟ್ಟ.

ರಿಪೇರಿಯವನು ಸಾಮಾನು ಕಟ್ಟಿಕೊಂಡು ಗೇಟು ದಾಟುವಷ್ಟರಲ್ಲಿ ಮೇಲಿನ ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ನೀರು ಧುಮುಕತೊಡಗಿತು. ಕಾರ್ಯದರ್ಶಿ ಭಾಮೈದನಿಗೆ ಫೋನು ಮಾಡಿದ. ಬಡಿದುಕೊಂಡಿತು, ನಿಂತಿತು. ಮತ್ತೆ ಮಾಡಿದ. ಮೂರನೇ ಸಲಕ್ಕೆ ಫೋನು ಆಫ್. "ಯಾರಾದರೂ ಬನ್ರಪ್ಪಾ," ಎಂಬ ಕೂಗು ಗೇಟಿನಾಚೆಗೆ ಕೇಳಿತು. ರಿಪೇರಿಯವನು ವಾಪಸು ಓಡಿಬಂದು, ಐದು ಮಹಡಿ ಹತ್ತಿ, ವಾಲ್ವು ತಿರುಗಿಸಿ, ತೊಪ್ಪನೆ ತೋಯ್ದು ಇಳಿದ.

ಅಜ್ಜಿ ಅವನನ್ನೊಮ್ಮೆ, ಕಾರ್ಯದರ್ಶಿಯ ಕೈಯ ಫೋನನ್ನೊಮ್ಮೆ ನೋಡಿದಳು.

"ಮೇಷ್ಟ್ರೇ, ನಾವು ಎಡವಿದ್ವಿ. ಇವನು ಕೂಗಿದ ತಕ್ಷಣ ಬಂದುಬಿಡ್ತಾನೆ. ದೇವರು ಎಲ್ಲಾದರೂ ಹಾಗೆ ಬರ್ತಾನಾ? ಆ ಭಾಮೈದನ್ನ ನೋಡಿ. ಒಬ್ಬರ ಕಣ್ಣಿಗೂ ಬಿದ್ದಿಲ್ಲ. ಎಷ್ಟು ಕರೆದರೂ ಓ ಅನ್ನಲ್ಲ. ಆದರೂ ಎಲ್ಲರೂ ಸೇರಿ ಮೊದಲೇ ಕಾಣಿಕೆ ಮುಟ್ಟಿಸಿದ್ದೀವಿ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಲಕ್ಷಣವೆಲ್ಲ ಕೂಡಿಬರುತ್ತಮ್ಮಾ," ಎಂದರು.

ಇಡೀ ದಿನ ದುಡಿದ ರಿಪೇರಿಯವನಿಗೆ ಅರ್ಧ ದಿನದ ಕೂಲಿ ಸಿಕ್ಕಿತು. ತಿಂಗಳ ಕೆಲಸ ಹೋಯಿತು, ದೇವರ ಕೆಲಸವೂ ಹೋಯಿತು.