ಹೊಗೆಗೂ ವರ್ಗಾವಣೆ

ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರೆ. ನಾನು ಕೆಲಸ ಮಾಡಿದ ಕಡೆ ಜಗಳ ಇಲ್ದೆ ಹೊಗೆ ಆಡ್ತಿರಲಿಲ್ಲ. ತೆಂಗಿನ ಚಿಪ್ಪನ್ನ ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡೋ ಕಾರ್ಖಾನೆಗೆ ನಾನು ಸೂಪರ್‌ವೈಸರ್. ಜನ ‘ಕಾರ್ಬನ್ ಫ್ಯಾಕ್ಟ್ರಿ’ ಅಂತಿದ್ರು. ಒಂದೊಂದು ಕಡೆ ಮುಚ್ಚಿಸಿದಾಗಲೂ ನನ್ನ ಅನ್ನಕ್ಕೆ ಕಲ್ಲು ಬಿತ್ತು ಅಂತ ಅನ್ನಿಸ್ತಿತ್ತು. ಆದ್ರೂ ನಗು ಬರೋಂಥದ್ದು ಏನಾದ್ರೂ ಆಗ್ತಾನೇ ಇತ್ತು.

ಊರಾಚೆ

ತೊಂಬತ್ತರ ದಶಕದ ಕೊನೆ. ಆಗ ತುಮಕೂರಿನ ಸತ್ಯಮಂಗಲದಲ್ಲಿದ್ವಿ. ಒಣಗಾಕಿದ ಬಟ್ಟೆಯೆಲ್ಲ ಕಪ್ಪಾಗ್ತವೆ ಅಂತ ಅಕ್ಕಪಕ್ಕದವರು ದೂರು ಕೊಟ್ರು. ಮಾಲಿನ್ಯ ಮಂಡಳಿ ಅಧಿಕಾರಿ ಜೀಪಲ್ಲಿ ಬಂದು, “ಈ ಹೊಗೆ ನಿಲ್ಲಿಸ್ರೀ” ಅಂದ್ರು.

ನಮ್ಮ ಸಾಹುಕಾರ್ರು ಕೈ ಮುಗಿದು, “ಸ್ವಾಮಿ, ನಾವು ಮಾರೋದು ಇದ್ದಿಲು. ಹೊಗೆಗೆ ನಮ್ಮಲ್ಲಿ ಗಿರಾಕಿನೇ ಇಲ್ಲ, ಅದು ಸುಮ್ನೆ ಬರ್ತದೆ” ಅಂದ್ರು.

“ಊರಾಚೆ ಹೋಗಿ.”

“ಯಾವ ಊರಿನ ಆಚೆ ಸ್ವಾಮಿ?”

ಅಧಿಕಾರಿ ಕೂತು ಯೋಚನೆ ಮಾಡಿ ಹೇಳಿದ್ರು: “ನಂಗೆ ಟ್ರಾನ್ಸ್‌ಫರ್ ಆಗೋ ಚಾನ್ಸ್ ಇಲ್ದಿರೋ ಊರು ಯಾವುದಾದ್ರೂ ನೋಡ್ಕೊಳ್ಳಿ.”

ಅಜ್ಜಿಯ ದೂರು

ಗುಬ್ಬಿ ಹತ್ರ ಒಂದು ಹಳ್ಳಿಗೆ ಹೋದ್ವಿ. ಮೊದಮೊದಲು ಜನಕ್ಕೆ ಖುಷಿ. ಹೊಗೆಗೆ ಸೊಳ್ಳೆಯೆಲ್ಲ ಊರು ಬಿಟ್ಟಿದ್ವು. ಆಮೇಲೆ ಒಂದು ದಿನ ಪಕ್ಕದ ಮನೆ ಅಜ್ಜಿ ಕೋಲು ಊರ್ಕೊಂಡು ಬಂತು.

“ಸೊಳ್ಳೆ ಹೋದ್ವು ಅಂತ ಸುಮ್ಕಿದ್ದೆ ಕಣಪ್ಪ. ಈಗ ನನ್ ಮಗಳೂ ಅಳಿಯನೂ ಬರಾಕಿಲ್ಲ ಅಂತವ್ರೆ. ಕಣ್ಣು ಉರಿತದಂತೆ.”

ಹಿಂದೇನೇ ಅಜ್ಜಿ ಸೊಸೆ ನಿಂತಿದ್ಲು. ಅತ್ತೆ ಆ ಕಡೆ ತಿರುಗಿದ ತಕ್ಷಣ ಮೆಲ್ಲಗೆ, “ಅಣ್ಣಾ, ಇನ್ನೊಂದು ಗುಂಡಿ ತೋಡ್ಸಿ” ಅಂದ್ಲು.

ಲೀಕೇಜು

ಪಂಚಾಯ್ತಿಯವರು ಅಜ್ಜಿ ಮಾತೇ ಕೇಳಿದ್ರು. ಮೂಟೆ ಕಟ್ಟಿ ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕಡೆ ಬಂದ್ವಿ. ಆ ಹೊತ್ತಿಗೆ ಎರಡು ಸಾವಿರ ಇಸವಿ ದಾಟಿ ಸುಮಾರು ವರ್ಷ ಆಗಿತ್ತು. ಯಾವುದೋ ದೇಶದಲ್ಲಿ ಹೊಗೆಗೆ ಕಾನೂನು ಬಿಗಿ ಮಾಡಿದ್ರಂತೆ. ಅಲ್ಲಿಯ ಕಂಪನಿ ತನ್ನ ಒಲೆ ಆರಿಸಿ ನಮ್ಮ ಇದ್ದಿಲಿಗೆ ಆರ್ಡರ್ ಕೊಟ್ಟಿತ್ತು. ಇದೂ ತಪ್ಪಿದ್ರೆ ಬಾಗಿಲು ಹಾಕೋದೇ ಅಂತ ಸಾಹುಕಾರ್ರು ಹೇಳಿಬಿಟ್ಟಿದ್ರು. ನಾನು ಆಗಷ್ಟೇ ಮನೆಗೆ ಪಾಯ ಹಾಕಿದ್ದೆ. ರಾತ್ರಿ ನಿದ್ದೆ ಬರ್ತಿರಲಿಲ್ಲ.

ಅಷ್ಟರಲ್ಲಿ ಆ ಕಂಪನಿಯ ಬೆಂಗಳೂರು ಆಫೀಸಿಂದ ಫೋನು: “ಕಾರ್ಬನ್ ಲೀಕೇಜ್ ಇದೆಯಾ ಅಂತ ನೋಡೋಕೆ ಮೇಡಂ ಬರ್ತಾರೆ.”

ಸಾಹುಕಾರ್ರು ಹೌಹಾರಿದ್ರು. “ಕಾರ್ಬನ್ ಸೋರ್ತದಂತೆ ಕಣಯ್ಯಾ! ಒಂದು ಚೂರೂ ಉದುರಬಾರದು, ನೋಡು!”

ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ದಬ್ಬಣ ತರಿಸಿ ಅಷ್ಟೂ ಮೂಟೆಗೆ ಎರಡೆರಡು ಹೊಲಿಗೆ ಹಾಕಿಸಿದೆ.

ಮೇಡಂ ಬಂದ್ರು. ಮೂಟೆ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಲ್ಲಿ ಮೂಗು ಮುಚ್ಕೊಂಡು, “ಇದಕ್ಕೆ ಮುಂಚೆ ಎಲ್ಲಿದ್ರಿ?” ಅಂತ ಕೇಳಿದ್ರು.

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. “ಸತ್ಯಮಂಗಲದಲ್ಲಿ ಬೇಡ ಅಂದ್ರು, ಗುಬ್ಬಿಗೆ ಹೋದ್ವಿ. ಅಲ್ಲೂ ಬೇಡ ಅಂದ್ರು, ಇಲ್ಲಿಗೆ ಬಂದ್ವಿ.”

“ಹೊಗೆ ಕಮ್ಮಿ ಆಯ್ತಾ?”

“ಇಲ್ಲ ಮೇಡಂ. ಬೋರ್ಡಲ್ಲಿ ಊರಿನ ಹೆಸರು ಬದಲಾಯ್ತು, ಅಷ್ಟೆ.”

ಮೇಡಂ ನಿಟ್ಟುಸಿರು ಬಿಟ್ರು. “ಹೊಗೆ ಕಮ್ಮಿ ಆಗ್ದೆ ಬರೀ ಜಾಗ ಬದಲಾಯಿಸೋದು, ಇದನ್ನೇ ಕಣ್ರೀ ಕಾರ್ಬನ್ ಲೀಕೇಜ್ ಅನ್ನೋದು. ಆ ದೇಶದವರು ಮಾಡಿದ್ದೂ ಇದೇ. ಇರ್ಲಿ, ಹೊಗೆಯನ್ನೇ ಸುಡೋ ಒಲೆ ಕಟ್ಸಿ. ಕಟ್ಟಿಸ್ತೀವಿ ಅಂತ ಒಪ್ಕೊಂಡ್ರೆ ಆರ್ಡರ್ ನಿಲ್ಲಿಸಲ್ಲ.”

ಹೋದ ಜೀವ ಬಂದಂಗಾಯ್ತು. ಸಾಹುಕಾರ್ರೂ ಜೋರಾಗಿ ತಲೆ ಆಡಿಸಿ ಒಪ್ಕೊಂಡ್ರು. ಮೇಡಂ ಕಾರು ಗೇಟು ದಾಟೋವರೆಗೂ ಕೈ ಮುಗ್ದೇ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದ್ರು. ಮುಖ ಕೆಂಪಗಾಗಿತ್ತು.

“ಏನಯ್ಯಾ, ಸತ್ಯಮಂಗಲದಿಂದ ಇಲ್ಲೀಗಂಟ ಸೋರ್ಕೊಂಡೇ ಬಂದೈತಂತಲ್ಲ! ಲಾರಿಗೆ ಟಾರ್ಪಾಲ್ ಕಟ್ಟಿಸ್ಲಿಲ್ವಾ ನೀನು?”