ಸೋಲರಿಯದ ತಂಡ ಬಿಟ್ಟುಕೊಟ್ಟ ಗೋಲು

ನಮ್ಮ ಪ್ರೌಢಶಾಲೆಯ ಫುಟ್‌ಬಾಲ್ ತಂಡವು ಈ ಸಾಲಿನ ಎಲ್ಲ ಪಂದ್ಯಗಳನ್ನೂ ಮೈದಾನಕ್ಕೆ ಕಾಲಿಡದೆಯೇ ಗೆದ್ದಿದೆಯೆಂದು ತಿಳಿಸಲು ಹರ್ಷಿಸುತ್ತೇವೆ. ಕಾಲಿಡದಿದ್ದುದಕ್ಕೆ ಕಾರಣವಿತ್ತು. ಹೊಸದಾಗಿ ಹುಲ್ಲು ಹಾಸಿದ ಮೈದಾನದ ಉದ್ಘಾಟನೆ ಆಗಿರಲಿಲ್ಲ. ಉದ್ಘಾಟನೆಯಾಗದ ಮೈದಾನ ಮೈದಾನವಲ್ಲ, ಬರೀ ಹುಲ್ಲು. ಹುಲ್ಲು ತುಳಿಯಬಾರದೆಂದು ಆಡಳಿತ ಮಂಡಳಿಯ ಫಲಕವೇ ಇದೆ.

ಉದ್ಘಾಟನೆಗೆ ಮಂತ್ರಿಗಳೇ ಬರಬೇಕೆಂದು ಮಂಡಳಿಯ ಅಧ್ಯಕ್ಷರ ಹಟ. ಮಂತ್ರಿಗಳಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಪಂದ್ಯಾವಳಿ ಶುರುವಾಯಿತು. ಮೊದಲ ಎದುರಾಳಿ ತಂಡ ಬಂದು ಬೇಲಿಯ ಹೊರಗೆ ನಿಂತಿತು. ನಮ್ಮವರೂ ಹೊರಗೇ ನಿಂತರು. ಹೊತ್ತಿಗೆ ಸರಿಯಾಗಿ ಮೈದಾನಕ್ಕಿಳಿಯದ ತಂಡ ಸೋತಂತೆ ಎಂಬ ನಿಯಮವನ್ನು ರೆಫರಿ ಓದಿ ಹೇಳಿದರು.

"ಇಳಿಯೋಕೆ ನೀವೇ ಬಿಡ್ತಿಲ್ವಲ್ಲ ಸಾರ್!" ಎಂದರು ಅವರ ಮೇಷ್ಟ್ರು.

"ನಾವು ಬಿಡ್ಲಿಲ್ಲ, ನೀವು ಇಳೀಲಿಲ್ಲ. ಎರಡೂ ನಿಜಾನೇ," ಎಂದರು ನಮ್ಮ ಹೆಡ್‌ಮಾಸ್ಟರು.

"ನಿಮ್ಮ ಹುಡುಗ್ರೂ ಇಳ್ದಿಲ್ಲ!"

"ಅವರದ್ದು ಸ್ವಂತ ಮನೆ ಕಣ್ರೀ. ಮನೆಯವರು ಎಲ್ಲಿ ನಿಂತ್ರೂ ಮನೇಲಿದ್ದ ಹಾಗೇ."

ರೆಫರಿ ಸೀಟಿ ಊದಿದರು, ಅವರು ಸೋತರು. ಉಳಿದ ತಂಡಗಳೂ ಹೀಗೇ ಬಂದವು, ನಿಂತವು, ಸೋತವು. ನಮ್ಮ ಹುಡುಗರ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಕಿಟಕಿ ಗಾಜಿನ ಹಿತದೃಷ್ಟಿಯಿಂದ ಡ್ರಿಲ್ ಮೇಷ್ಟ್ರು ವರಾಂಡದಲ್ಲಿ ಚೆಂಡಿಲ್ಲದೆ, ಗೋಲಾದ ಮೇಲೆ ತಬ್ಬಿಕೊಳ್ಳುವುದನ್ನಷ್ಟೇ ಕಲಿಸಿದರು.

ಇಷ್ಟೆಲ್ಲ ಕೀರ್ತಿ ಬಂದರೂ ಗೋಲ್‌ಕೀಪರನಿಗೆ ಸಮಾಧಾನವಿರಲಿಲ್ಲ. ನಿಂತಲ್ಲೇ ನಿಲ್ಲುತ್ತಾನೆಂದು ಅವನನ್ನು ಎಲ್ಲರೂ ಗೂಟ ಎನ್ನುತ್ತಿದ್ದರು. ಹತ್ತನೇ ತರಗತಿ, ಶಾಲೆಯಲ್ಲಿ ಅವನಿಗಿದು ಕೊನೆಯ ವರ್ಷ. ಅಮ್ಮ ಹೊಲಿಗೆಯವಳು, ಶಾಲೆಯ ಸಮವಸ್ತ್ರವೆಲ್ಲ ಅವಳ ಕೈಯದೇ. ಪರದೆಯ ತುಂಡುಗಳಿಗೆ ಹತ್ತಿ ತುಂಬಿ ಮಗನಿಗೆ ಕೈಗವಸು ಹೊಲಿದುಕೊಟ್ಟಿದ್ದಳು.

"ಸಾರ್, ಶಾಲೆ ಬಿಡೋದ್ರೊಳಗೆ ಒಂದೇ ಒಂದು ಬಾಲ್ ಹಿಡೀಬೇಕು ಸಾರ್."

"ವರ್ಷವೆಲ್ಲ ಒಂದೂ ಗೋಲ್ ಬಿಟ್ಟಿಲ್ಲ ನೀನು. ಇನ್ನೇನೋ ಬೇಕು?" ಎಂದರು ಡ್ರಿಲ್ ಮೇಷ್ಟ್ರು.

"ಒಂದೂ ಬಂದಿಲ್ವಲ್ಲ ಸಾರ್."

ನಮಗೂ ಅವನನ್ನು ಕಂಡು ಅಯ್ಯೋ ಅನ್ನಿಸುತ್ತಿತ್ತು. ಆದರೆ ಅಯ್ಯೋ ಅನ್ನುವುದಕ್ಕೆ ನಿಯಮಾವಳಿಯಲ್ಲಿ ಜಾಗವಿಲ್ಲ.

ಕೊನೆಗೂ ಮಂತ್ರಿಗಳು ಬಂದರು. ಅವರು ಒದ್ದ ಚೆಂಡು ಗೋಲಿನೊಳಗೆ ಹೋದೊಡನೆ ಮೈದಾನ ಉದ್ಘಾಟನೆಯಾಯಿತೆಂದು ತಿಳಿಯುವುದು, ಫೋಟೋಗೆ ಶೋಭೆಯಾಗಿ ಗೂಟ ಗೋಲಿನಲ್ಲಿ ನಿಲ್ಲುವುದು ಎಂದು ಏರ್ಪಾಡಾಯಿತು. ಚೆಂಡನ್ನು ಬಿಡಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಅಷ್ಟೂ ತಿಳಿಯದವನು ಹತ್ತನೇ ತರಗತಿಯವರೆಗೆ ಬಂದಾನೆಂದು ಯಾರು ಎಣಿಸಿದ್ದರು?

ಮಂತ್ರಿಗಳು ಪಂಚೆ ಎತ್ತಿಕಟ್ಟಿ ಒದ್ದರು. ಚೆಂಡು ಮೂಲೆಗೆ ಹಾರಿತು. ಗೂಟ ಅಡ್ಡಡ್ಡ ಜಿಗಿದು ಅದನ್ನು ಎದೆಗವುಚಿಕೊಂಡು ಬಿದ್ದ.

"ಹಿಡ್ದ! ನನ್ ಮಗ ಹಿಡ್ದ!" ಬೇಲಿಯಾಚೆ ಅವನಮ್ಮ ಕೂಗಿದಳು.

ಹೂಕುಂಡಗಳ ಮಧ್ಯದಲ್ಲೇ ತುರ್ತು ಸಭೆ ಸೇರಿತು. ಗೋಲಾಗಿಲ್ಲ, ಆದ್ದರಿಂದ ಉದ್ಘಾಟನೆಯಾಗಿಲ್ಲ, ಆದ್ದರಿಂದ ಮಂತ್ರಿಗಳಾದಿಯಾಗಿ ಎಲ್ಲರೂ ಹುಲ್ಲು ತುಳಿಯುತ್ತಿರುವ ಅಪರಾಧಿಗಳು ಎಂದು ಗುಮಾಸ್ತರು ತಿಳಿಸಿದರು. ಇನ್ನೊಮ್ಮೆ ಒದೆಯುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

"ಈ ಸಲ ಬಿಡೋ ರಾಜಾ," ಎಂದರು ಹೆಡ್‌ಮಾಸ್ಟರು.

"ಹಿಡಿಯೋದಲ್ವಾ ಸಾರ್ ನನ್ ಕೆಲ್ಸ?"

"ಟಿ.ಸಿ. ಕೊಡೋದು ನನ್ ಕೆಲ್ಸ. ನಿಮ್ಮಮ್ಮನಿಗೆ ಹೊಲಿಗೆ ಕೊಡೋದು ಅಧ್ಯಕ್ಷರ ಕೆಲ್ಸ. ಎಲ್ಲರೂ ಅವರವರ ಕೆಲ್ಸ ಮಾಡ್ಬೇಕಾ, ಹೇಳು?"

ಗೂಟ ಅಮ್ಮನತ್ತ ನೋಡಿದ. ಅವಳು ಬಿಡು ಎಂಬಂತೆ ತಲೆಯಾಡಿಸಿದಳು.

ಎರಡನೆಯ ಒದೆತಕ್ಕೆ ಚೆಂಡು ಅರ್ಧ ದಾರಿಗೇ ನಿಂತಿತು. ಗೂಟ ತಾನೇ ಹೋಗಿ ಅದನ್ನೆತ್ತಿ ತಂದು, ಬಲೆಯೊಳಗಿಟ್ಟು, ಪಕ್ಕದಲ್ಲಿ ಅಂಗಾತ ಮಲಗಿದ. ಹುಡುಗರು ಮಂತ್ರಿಗಳನ್ನು ತಬ್ಬಿಕೊಂಡರು. ಗೂಟನಿಗೆ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ನೀಡಲಾಯಿತು. ಉದ್ಘಾಟನೆಯಾದ ಮೈದಾನ ಹಾಳಾಗಬಾರದೆಂದು ಮರುದಿನವೇ ಬೀಗ ಹಾಕಲಾಯಿತು.

ಅವನು ಹಾಗೆ ಮಲಗಿದ್ದಾಗ ತೆಗೆದ ಫೋಟೋ ಈಗ ಅವನ ಮನೆಯಲ್ಲಿ, ಹೊಲಿಗೆ ಮೆಷಿನ್ನಿನ ಮೇಲ್ಗಡೆ ಗೋಡೆಯಲ್ಲಿದೆ.

"ನೀನು ಹಿಡಿದದ್ದು ನಾನು ಕಣ್ಣಾರೆ ನೋಡಿದೀನಪ್ಪ," ಎಂದಳಂತೆ ಅಮ್ಮ, ಗಾಜು ಒರೆಸುತ್ತ. "ಆದ್ರೂ ಇಲ್ಲಿ ನೋಡು, ಎಷ್ಟು ಚೆನ್ನಾಗಿ ಬಿಟ್ಟಿದೀಯ."

ಗೂಟ ಹತ್ತಿರ ಬಂದು ನೋಡಿದ.

"ಹೂಂ ಅಮ್ಮ," ಎಂದ, "ಚೆನ್ನಾಗೇ ಬಿಟ್ಟಿದೀನಿ."